ಬಲಮಗ್ಗುಲಾಗಿ ಮಲಗಿದ ಮಾಸ್ತರ

"ಅಣ್ಣಾರ, ನಮ್ಮ ಮನಿಯವ್ರು ತಾವಾಗೇ ಜೀವ ಕಳಕೊಂಡಾರು ಅಂತ ನಿಮಗ ಅನಸ್ತದೇನ್ರಿ?"

ಒಳಗೆ ಬಂದು ಕೋಟು ಕೂಡ ಬಿಚ್ಚದೆ ಶಾಹೀನ್ ಇನಾಮದಾರ ಕೇಳಿದ ಮೊದಲ ಮಾತು ಅದು. ಲಂಡನ್ನಿನ ಹ್ಯಾರೋದ ಆ ಮನೆಯ ಮುಂಗೋಣೆಗೆ ಕಣ್ಣೀರು ಹೊತ್ತು ಬಂದವರನ್ನು ಚಿನ್ಮಯಿ ಸಾಕಷ್ಟು ನೋಡಿದ್ದಳು. ಬೆಂಗಳೂರಿನ ಹುಡುಗಿ, ಮೇಲಿನ ಫ್ಲಾಟಿನಲ್ಲಿ ಬಾಡಿಗೆಗಿದ್ದವಳು. ಹಗಲು ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ದುಡಿಯುತ್ತಿದ್ದಳು. ಉಳಿದ ಹೊತ್ತಿನಲ್ಲಿ ಕೆಳಗಿನ ಮನೆಯ ಮಹಾಲಿಂಗಪ್ಪ ಹಂಚಿನಾಳರ ಕಾರು ಓಡಿಸುತ್ತಿದ್ದಳು, ಅವರ ಬೈಗುಳ ತಿನ್ನುತ್ತಿದ್ದಳು, ಅವರು ಬಿಡಿಸಿದ ಒಂದೊಂದು ಒಗಟನ್ನೂ ಬೆರಗಿನಿಂದ ನೋಡುತ್ತಿದ್ದಳು. ಮಹಾಲಿಂಗಪ್ಪ ಲಂಡನ್ನಿನ ಬ್ಯಾಂಕುಗಳ ಒಳಗಿನ ಮೋಸ ಪತ್ತೆ ಮಾಡುವ ಕೆಲಸದಲ್ಲೇ ತಲೆ ನರೆಸಿಕೊಂಡು ನಿವೃತ್ತರಾದವರು. ಸಂಬಳ ನಿಂತಿತ್ತು, ಕೆಲಸ ನಿಂತಿರಲಿಲ್ಲ.

"ಮೊದಲ ಕುಂದರ್ರಿ ತಂಗಿ. ಆಮ್ಯಾಲೆ ಎಲ್ಲಾ ಹೇಳ್ರಿ," ಎಂದರು ಅವರು.

ಶಾಹೀನಳ ಗಂಡ ನಾಸಿರ್ ಇನಾಮದಾರ ಕೂಡ ಮಹಾಲಿಂಗಪ್ಪನವರ ಹಾಗೆ ವಿಜಯಪುರದವನು. ಕಾಫಿಲಾ ಬ್ಯಾಂಕಿನಲ್ಲಿ ಹೊಸಬರಿಗೆ ಪಾಠ ಹೇಳುವ ಕೆಲಸ. ಎಲ್ಲರೂ ಮಾಸ್ತರ ಎಂದೇ ಕರೆಯುತ್ತಿದ್ದರು. ಕಾಫಿಲಾ ಬಡ್ಡಿ ಮುಟ್ಟದ ಇಸ್ಲಾಮಿಕ್ ಬ್ಯಾಂಕು. ಸಾಲ ಕೊಟ್ಟು ಬಡ್ಡಿ ತೆಗೆದುಕೊಳ್ಳುವ ಬದಲು ಅದು ಗಿರಾಕಿಗಾಗಿ ಸರಕನ್ನು ತಾನು ಕೊಂಡು, ಲಾಭ ಇಟ್ಟು ಮಾರುತ್ತದೆ. ಆ ವ್ಯಾಪಾರವನ್ನು ಧರ್ಮ ತಪ್ಪದಂತೆ ಮಾಡುವುದು ಹೇಗೆಂದು ಕಲಿಸುವವನೇ ನಾಸಿರ್. ಹಿಂದಿನ ತಿಂಗಳು ಬ್ಯಾಂಕಿನಲ್ಲಿ ಉತ್ತಮ ತಂಡಕ್ಕೆ ಬಹುಮಾನ ಕೊಡುವ ಸಮಾರಂಭ ನಡೆಯುತ್ತಿದ್ದಾಗ, ಅವನ ದೇಹ ಹಿಂದಿನ ಮೆಟ್ಟಿಲುಗಳ ಬುಡದಲ್ಲಿ, ನೆಲಮಾಳಿಗೆಯಲ್ಲಿ ಸಿಕ್ಕಿತ್ತು. ಎರಡನೇ ಮಹಡಿಯ ಕಟಕಟೆಯ ಆಚೆಗೆ ಬಿದ್ದಿದ್ದ.

"ಆಫೀಸಿನಾಗ ಏನೋ ಸರ್ವೇ ಮಾಡಿದ್ರಂತ. ಇವರಿಗೆ ಉತ್ಸಾಹನ ಇಲ್ಲ ಅಂತ ಬಂದಿತ್ತಂತ. ಪೊಲೀಸರು ಅದನ್ನ ಹಿಡಕೊಂಡು ಕುಂತಾರ್ರಿ. ಚಷ್ಮಾ ಮಡಚಿ ಕಿಸೆದಾಗ ಇಟ್ಟಿದ್ರು, ಸಾಯಾಕ ತಯಾರಾದವ್ರು ಹಂಗ ಮಾಡ್ತಾರ ಅಂತಾರ." ಶಾಹೀನಳ ದನಿ ಕುಗ್ಗಿತು. "ಮಣ್ಣಿಗೆ ನಾಕು ಮಂದಿ ಬರಲಿಲ್ಲ. ಬಂದವ್ರು ನನ್ನ ಮುಖ ನೋಡಲಿಲ್ಲ. ಅದೆಲ್ಲಾ ಹೋಗ್ಲಿ ಅಣ್ಣಾರ. ನನ್ನ ಮಗಳು ಸನಾ ಊಟಾ ಬಿಟ್ಟಾಳ. ಅಬ್ಬಾಗ ನಾವು ಬ್ಯಾಡಾಗಿದ್ವೇನು ಅಂತ ಕೇಳ್ತಾಳ. ಆಕಿಗೆ ಏನ್ ಹೇಳ್ಲಿ?"

ಅವಳನ್ನು ಕಾರಿನಲ್ಲಿ ಕರೆತಂದಿದ್ದ ಹಾರೂನ್ ಬಾಗವಾನ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಅವನೂ ವಿಜಯಪುರದ ಹುಡುಗನೇ. ನಾಸಿರನೇ ಕರೆತಂದು, ಕಲಿಸಿ, ಕಾಫಿಲಾದಲ್ಲಿ ಕೆಲಸಕ್ಕೆ ಹಚ್ಚಿದ್ದ. ಈಗ ಒಂದು ತಂಡದ ಮುಖ್ಯಸ್ಥ.

"ಮಾಸ್ತರು ನನಗ ಅಪ್ಪ ಇದ್ಹಂಗ್ರಿ," ಎಂದ. "ಭಾಭಿ ಕೇಳಿದ್ದಕ್ಕ ಕರಕೊಂಡ ಬಂದೆ. ಆದ್ರ ಮತ್ತ ಮತ್ತ ಕೆದಕಿದ್ರ ಇವರಿಗೇ ತ್ರಾಸು."

ಶಾಹೀನ್ ಚೀಲದಿಂದ ಪೊಲೀಸರು ಮರಳಿಸಿದ ಚಷ್ಮಾ ತೆಗೆದು ಕೊಟ್ಟಳು. ಒಂದು ಗಾಜು ಬಿರಿದಿತ್ತು. ಮಹಾಲಿಂಗಪ್ಪ ಅದರ ಕಡ್ಡಿಗಳನ್ನು ಮೆಲ್ಲಗೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಕಡ್ಡಿ ಮಡಚುವ ಕೀಲಿನ ಒಳಮೈಯಲ್ಲಿ ಕಂದು ಕಲೆ ಒಣಗಿ ಅಂಟಿತ್ತು. ಚಿನ್ಮಯಿಗೂ ಅದನ್ನು ತೋರಿಸಿ, ಮತ್ತೆ ಮಡಚಿ ಕೊಟ್ಟರು.

"ನಾಳೆ ಬ್ಯಾಂಕಿಗೆ ಹೋಗ್ತೀನ್ರಿ ತಂಗಿ," ಎಂದರು.

ಕಾಫಿಲಾ ಬ್ಯಾಂಕು ಇದ್ದದ್ದು ಲಂಡನ್ನಿನ ಬ್ಯಾಂಕುಗಳ ಕೇಂದ್ರವಾದ ಸಿಟಿಯ ಒಂದು ಇಕ್ಕಟ್ಟಾದ ಹಳೆಯ ಕಟ್ಟಡದಲ್ಲಿ. ಲಿಫ್ಟಿನಲ್ಲಿ ಎರಡನೇ ಮಹಡಿಗೆ ಹೋಗಿ ಹೊರಗೆ ಕಾಲಿಟ್ಟರೆ ನೇರ ಎದುರಿಗೇ ನಮಾಜಿನ ಕೋಣೆ. ಅಲ್ಲಿ ಹಾಸಿದ್ದ ಹಸಿರು ಜಮಖಾನದ ಪಟ್ಟೆಗಳು ಲಿಫ್ಟಿಗೆ ಬೆನ್ನು ಮಾಡಿ ಎದುರು ಗೋಡೆಯತ್ತ ನಡೆದಿದ್ದವು. ಎಡಕ್ಕೆ ಸಭಾಂಗಣ, ಬಲಕ್ಕೆ ಹಿಂದಿನ ಮೆಟ್ಟಿಲು. ಮೆಟ್ಟಿಲಿನ ಕಟಕಟೆ ಚಿನ್ಮಯಿಯ ಸೊಂಟಕ್ಕಿಂತ ಕೆಳಗಿತ್ತು. ಬಗ್ಗಿ ನೋಡಿದರೆ ನೆಲಮಾಳಿಗೆಯ ಕಲ್ಲುಹಾಸು ಕಾಣುತ್ತಿತ್ತು. ಅವಳು ಬೇಗ ಹಿಂದಕ್ಕೆ ಸರಿದಳು.

ಬ್ಯಾಂಕಿನ ಮುಖ್ಯಸ್ಥೆ ಸಮೀರಾ ಹದ್ದಾದ್ ಮಹಾಲಿಂಗಪ್ಪನವರನ್ನು ಮೊದಲೇ ಬಲ್ಲವರು. "ನಮ್ಮ ಹೆಸರು ಕೆಡದ ಹಾಗೆ ನೋಡಿಕೊಳ್ಳಿ," ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡರು. ಸಮಾರಂಭದ ಪೂರ್ತಿ ಅವರು ವೇದಿಕೆಯ ಮೇಲಿದ್ದರು. ಸಭಾಂಗಣದ ಕ್ಯಾಮೆರಾ ನೋಡಿದಾಗ ಆ ಹೊತ್ತಿನಲ್ಲಿ ಹೊರಗಿದ್ದವರು, ಸತ್ತವನನ್ನು ಬಿಟ್ಟರೆ, ಮೂವರೇ: ಮಾನವ ಸಂಪನ್ಮೂಲದ ಮುಖ್ಯಸ್ಥ ರಾಕೇಶ್, ತಂಡದ ನಾಯಕ ಹಾರೂನ್, ಕೆಳಗಿನ ಕಾವಲುಗಾರ ಮುಈನ್. ಲಿಫ್ಟಿಗಾಗಲಿ ಮೆಟ್ಟಿಲಿಗಾಗಲಿ ಕ್ಯಾಮೆರಾ ಇರಲಿಲ್ಲ.

ರಾಕೇಶ್ ಜಯನಗರದವನು. ಅವನ ಕೋಣೆಯ ಗೋಡೆಯ ಮೇಲೆ "ನಮ್ಮ ಜನರೇ ನಮ್ಮ ಬಂಡವಾಳ" ಎಂಬರ್ಥದ ದೊಡ್ಡ ಇಂಗ್ಲಿಷ್ ಫಲಕ ತೂಗುತ್ತಿತ್ತು.

"ನಾಸಿರ್ ಸರ್ ಒಳ್ಳೇವ್ರೇ ಸರ್. ಆದ್ರೆ ಮೋಟಿವೇಷನ್ನೇ ಇರ್ಲಿಲ್ಲ. ನಾನು ತಂದ ಸ್ಕೀಮ್‌ನಲ್ಲಿ ಜಾಸ್ತಿ ವ್ಯವಹಾರ ಮುಗಿಸಿದ ತಂಡಕ್ಕೆ ಬೋನಸ್ಸು, ಬ್ಯಾಡ್ಜು. ಒಂದೇ ವರ್ಷದಲ್ಲಿ ಬ್ಯಾಂಕ್ ಹೇಗೆ ಎದ್ದು ನಿಲ್ತು ನೋಡಿ! ಇವರು ಮಾತ್ರ ತರಬೇತಿ ಸಾಲದು, ಇನ್ನೂ ಕಲಿಸ್ಬೇಕು ಅಂತ ರಾಗ. ಪಾಠದ ಹೊತ್ತಲ್ಲಿ ಜನ ಕೆಲಸ ಮಾಡಲ್ವಲ್ಲ ಸರ್, ಅದಕ್ಕೇ ಪಾಠ ಅರ್ಧ ಕಟ್ ಮಾಡ್ದೆ."

"ಅವತ್ತು ಬೆಳಗ್ಗೆ ನಿಮಗೂ ಅವರಿಗೂ ಜಗಳಾನೂ ಆಯ್ತಂತೆ?" ಚಿನ್ಮಯಿ ಕೇಳಿದಳು.

"ಜಗಳ ಅಲ್ಲ ಮೇಡಂ, ಡಿಸ್ಕಷನ್." ಎಂದ ರಾಕೇಶ್. "ಸಮಾರಂಭದ ಮಧ್ಯೆ ನಾನು ಬ್ಯಾಡ್ಜ್ ತರೋಕೆ ಇಲ್ಲಿಗೇ ಬಂದಿದ್ದೆ. ನಿಜವಾಗ್ಲೂ."

ಹಾರೂನ್ ತಾನು ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಸಭೆಗೆ ತಡವಾಗಿ ಹೋದೆನೆಂದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲವಂತೆ.

ಆಮೇಲೆ ಮಹಾಲಿಂಗಪ್ಪ ಮಾಡಿದ್ದು ಚಿನ್ಮಯಿಗೆ ಮಕ್ಕಳಾಟದಂತೆ ಕಂಡಿತು. ತರಬೇತಿ ಕೋಣೆಯಲ್ಲಿ ಕೂತು, ಚಹಾದ ಒಂದು ಖಾಲಿ ಕಪ್ಪನ್ನು ಅವಳ ಕೈಗೆ ಕೊಟ್ಟು, ಬ್ಯಾಂಕಿನ ಕಿರಿಯರನ್ನು ಒಬ್ಬೊಬ್ಬರಾಗಿ ಕರೆಸಿದರು. "ಈ ಕಪ್ಪು ಇವಳದು. ನಾನು ಗಿರಾಕಿ, ನೀವು ಬ್ಯಾಂಕು. ನಿಮ್ಮ ಪದ್ಧತಿಯಲ್ಲಿ ಇದನ್ನು ನನಗೆ ಕೊಡಿಸಿ," ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಮೊದಲು ಬಂದ ಹುಡುಗ ಚಿನ್ಮಯಿಯೊಂದಿಗೆ ಬೆಲೆ ಮಾತಾಡಿ, ಕಪ್ಪನ್ನು ತನ್ನ ಕೈಗೆ ತೆಗೆದುಕೊಂಡು, "ಈಗ ಇದು ಬ್ಯಾಂಕಿನದು. ಒಡೆದರೆ ನಷ್ಟ ನಮ್ಮದೇ," ಎಂದ. ಆಮೇಲೆ ಮಹಾಲಿಂಗಪ್ಪನವರತ್ತ ತಿರುಗಿ ಮಾರಿದ. ಎರಡನೆಯವನೂ ಹಾಗೆಯೇ ಮಾಡಿದ. ಮೂರನೆಯವಳು ಹಾರೂನನ ತಂಡದ ಚುರುಕು ಹುಡುಗಿ, ಎದೆಯ ಮೇಲೆ ಬಹುಮಾನದ ಬ್ಯಾಡ್ಜು. ಅವಳು ಕಪ್ಪಿನತ್ತ ಕಣ್ಣೂ ಹಾಯಿಸದೆ ಮಹಾಲಿಂಗಪ್ಪನವರ ಕೈ ಕುಲುಕಿ ವ್ಯಾಪಾರ ಮುಗಿಸಿ, ಆಮೇಲೆ ಚಿನ್ಮಯಿಯತ್ತ ಕೈ ಚಾಚಿ, "ಈಗ ಕಪ್ ಕೊಡಿ," ಎಂದಳು. ಆ ತಂಡದ ಇನ್ನೊಬ್ಬ ಇದನ್ನೇ ಇನ್ನೂ ಬೇಗ ಮಾಡಿದ. ಚಿನ್ಮಯಿಗೆ ನಗು ಬಂತು. ಮಹಾಲಿಂಗಪ್ಪ ನಗಲಿಲ್ಲ.

"ಹೀಗೆ ಮಾಡಿದರೆ ಬೇಗ ಆಗುತ್ತೆ ಸರ್. ಬೋನಸ್ ಸ್ಕೀಮ್ ಬಂದ ಮೇಲೆ ನಮ್ಮ ತಂಡದಲ್ಲಿ ಎಲ್ಲರೂ ಹೀಗೇ," ಎಂದಳು ಹುಡುಗಿ ಹೆಮ್ಮೆಯಿಂದ. "ಮಾಸ್ಟರ್ ಕೂಡ ಸಮಾರಂಭದ ದಿನ ಮಧ್ಯಾಹ್ನ ನಮ್ಮ ಕೈಲಿ ಇದೇ ಆಟ ಆಡಿಸಿದ್ರು. ಯಾಕೋ ಏನೂ ಹೇಳದೆ ಎದ್ದು ಹೋದ್ರು."

ನೆಲಮಾಳಿಗೆಗೆ ಲಿಫ್ಟಿನಲ್ಲೇ ಇಳಿದರು. ಚಿನ್ಮಯಿ ಹತ್ತಿದ ಬಾಗಿಲಿಗೇ ಮುಖ ಮಾಡಿ ನಿಂತಿದ್ದಳು. ಕೆಳಗೆ ಲಿಫ್ಟು ನಿಂತಾಗ ಬೆನ್ನ ಹಿಂದಿನ ಬಾಗಿಲು ತೆರೆದುಕೊಂಡು, ತಣ್ಣನೆ ಗಾಳಿ ಕತ್ತಿಗೆ ಬಡಿದು ಬೆಚ್ಚಿಬಿದ್ದಳು.

"ಬಾರವಾ, ಗ್ವಾಡಿ ನೋಡಕೋತ ಏನ್ ನಿಂತಿ?" ಎಂದು ಮಹಾಲಿಂಗಪ್ಪ ಛೇಡಿಸಿ ಮುಂದೆ ನಡೆದರು.

ಕಿಟಕಿಯಿಲ್ಲದ ಜಾಗ, ಟ್ಯೂಬ್‌ಲೈಟಿನ ಮಂಕು ಬೆಳಕು. ಮುಈನ್ ಬಾಂಗ್ಲಾದೇಶದ ಸಿಲ್ಹಟ್ ಮೂಲದ ವಯಸ್ಸಾದ ಕಾವಲುಗಾರ, ಹಗಲೆಲ್ಲ ಅಲ್ಲೇ ಇರುವವನು. ಅವತ್ತು ಸಾಮಾನು ಇಳಿಸಿಕೊಳ್ಳಲು ಹಿಂದಿನ ಗೇಟಿಗೆ ಹೋಗಿ ಬಂದಾಗ ದೇಹ ಕಂಡಿತಂತೆ. ನಾಡಿ ನೋಡಲು ಮಣಿಕಟ್ಟು ಮುಟ್ಟಿದ್ದು ಬಿಟ್ಟರೆ ಬೇರೇನೂ ಮುಟ್ಟಲಿಲ್ಲವೆಂದು ಅವನು ಆಣೆ ಮಾಡಿದ.

"ಅವರು ಹೇಗಿದ್ದರೋ ಹಾಗೆಯೇ ಮಲಗಿ ತೋರಿಸ್ತೀರಾ?"

ಮುದುಕ ಹಿಂಜರಿಯುತ್ತ ನೆಲಕ್ಕೆ ಇಳಿದ. ಬಲಮಗ್ಗುಲಾಗಿ, ಕಾಲು ನೀಟಾಗಿ ಚಾಚಿ, ಬಲಗೆನ್ನೆ ನೆಲಕ್ಕೆ ಒತ್ತಿ, ಬಾಯ್ಲರಿನ ಗೋಡೆಯತ್ತ ಮುಖ ಮಾಡಿ ಮಲಗಿದ. ಲಿಫ್ಟಿನ ಬಾಗಿಲು ಅವನ ಬೆನ್ನ ಹಿಂದೆ ಇತ್ತು. "ಕಣ್ಣು ಮುಚ್ಚಿತ್ತು. ನಿದ್ದೆ ಮಾಡಿದ ಹಾಗಿದ್ದರು," ಎಂದ. ನಾಸಿರನ ರಕ್ತ ಹರಿದ ಕಲೆ ಮಾತ್ರ ತಲೆಯಿಂದ ಒಂದು ಮೊಳ ಆಚೆಗಿತ್ತು. ಪೊಲೀಸರ ಪ್ರಕಾರ ನಾಸಿರ್ ಬಿದ್ದ ಮೇಲೆ ತಾನೇ ಹೊರಳಿದ್ದ.

"ನೀವು ನಮಾಜು ಎಲ್ಲಿ ಮಾಡ್ತೀರಿ?"

ಮುಈನ್ ಎದ್ದು ಮೂಲೆಯಲ್ಲಿ ಹಾಸಿದ್ದ ತನ್ನ ಚಿಕ್ಕ ಚಾಪೆ ತೋರಿಸಿದ. ಅದು ಬಾಯ್ಲರಿಗೆ ಬೆನ್ನು ಮಾಡಿ, ಲಿಫ್ಟಿನ ಕಡೆಗಿತ್ತು.

ಮಹಾಲಿಂಗಪ್ಪ ಚಾಪೆಯನ್ನೂ ನೆಲವನ್ನೂ ಬಹಳ ಹೊತ್ತು ನೋಡಿದರು. ಮರಳುವಾಗ ಕಾರಿನಲ್ಲಿ ಒಂದೇ ಮಾತು ಆಡಿದರು: "ಚಿನ್ಮಯಿ, ಇದರಾಗ ಗೆದ್ದರೂ ನನಗ ಖುಷಿ ಆಗಂಗಿಲ್ಲವಾ."

ಮರುದಿನ ಮಧ್ಯಾಹ್ನ ಅದೇ ತರಬೇತಿ ಕೋಣೆಯಲ್ಲಿ ಎಲ್ಲರೂ ಸೇರಿದರು. ಶಾಹೀನಳ ಪಕ್ಕದಲ್ಲಿ ಹಾರೂನ್, ಅವನ ಆಚೆಗೆ ಚಿನ್ಮಯಿ, ಎದುರಿಗೆ ರಾಕೇಶ್ ಮತ್ತು ಸಮೀರಾ, ಗೋಡೆಗೆ ಆತು ಮುಈನ್. ಬಾಗಿಲ ಬಳಿ ಪೊಲೀಸ್ ಅಧಿಕಾರಿಯೊಬ್ಬಳು ನಿಂತಿದ್ದಳು.

ಮಹಾಲಿಂಗಪ್ಪ ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಶುರು ಮಾಡಿದರು. "ಮೊದಲು ಚಷ್ಮಾ. ಅದರ ಕೀಲಿನ ಒಳಗೆ ರಕ್ತ ಇದೆ. ಮಡಚಿ ಕಿಸೆಯಲ್ಲಿಟ್ಟುಕೊಂಡು ಹಾರಿದ್ದರೆ ಅಲ್ಲಿಗೆ ರಕ್ತ ಹೋಗುತ್ತಿರಲಿಲ್ಲ. ಬಿದ್ದಾಗ ಅದು ಮುಖದ ಮೇಲಿತ್ತು. ಆಮೇಲೆ ಯಾರೋ ತೆಗೆದು, ಮಡಚಿ, ಕಿಸೆಗೆ ಹಾಕಿದ್ದಾರೆ. ಇನ್ನು ಮಲಗಿದ ರೀತಿ. ಶವಪರೀಕ್ಷೆ ಮಾಡಿದ ಡಾಕ್ಟರನ್ನು ಈ ಅಧಿಕಾರಿ ನನ್ನ ಮುಂದೆಯೇ ವಿಚಾರಿಸಿದರು. ಬೆನ್ನುಮೂಳೆ ಮುರಿದಿತ್ತು, ಆತ ತಾನಾಗಿ ಹೊರಳುವುದು ಸಾಧ್ಯವೇ ಇರಲಿಲ್ಲ. ಬಲಮಗ್ಗುಲಿಗೆ ಹೊರಳಿಸಿ, ಕಾಲು ನೇರ ಮಾಡಿ, ಕಣ್ಣು ಮುಚ್ಚಿದ್ದು ಬೇರೊಬ್ಬರ ಕೈ."

"ಯಾಕೆ ಹಾಗೆ ಮಾಡ್ತಾರೆ?" ಎಂದ ರಾಕೇಶ್.

"ನಿಮಗೆ ಅದು ಗೊತ್ತಿಲ್ಲ. ಅದಕ್ಕೇ ಅದು ನೀವಲ್ಲ. ವಿಜಯಪುರದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ತೀರಿಕೊಳ್ಳುವಾಗ ನಾನು ನೋಡಿದ್ದೆ. ಸಾಯುತ್ತಿರುವ ಮುಸಲ್ಮಾನನನ್ನು ಬಲಮಗ್ಗುಲಾಗಿಸಿ, ಕಿಬ್ಲಾ ಕಡೆಗೆ, ಅಂದರೆ ಮೆಕ್ಕಾದ ದಿಕ್ಕಿಗೆ ಮುಖ ಮಾಡಿಸುತ್ತಾರೆ."

ಮುಈನ್ ತಲೆಯೆತ್ತಿದ. "ಆದರೆ ಸಾಹೇಬ್, ಅವರ ಮುಖ ಕಿಬ್ಲಾ ಕಡೆಗೆ ಇರಲಿಲ್ಲ. ಪೂರ್ತಿ ಉಲ್ಟಾ ಇತ್ತು."

"ಹೌದು. ಅದಕ್ಕೇ ನಿಮಗೆ ಯಾರಿಗೂ ಹೊಳೆಯಲಿಲ್ಲ. ನೀವು ಹೊರಳಿಸಿದ್ದರೆ ದಿಕ್ಕು ತಪ್ಪುತ್ತಿರಲಿಲ್ಲ, ದಿನವೂ ಅಲ್ಲೇ ಚಾಪೆ ಹಾಸುವವರು. ಇದನ್ನು ಮಾಡಿದವನಿಗೆ ಪದ್ಧತಿ ಗೊತ್ತು, ನೆಲಮಾಳಿಗೆ ಗೊತ್ತಿಲ್ಲ. ಎರಡನೇ ಮಹಡಿಯಲ್ಲಿ ಲಿಫ್ಟಿನಿಂದ ಇಳಿದು ನೇರ ನಡೆದರೆ ಕಿಬ್ಲಾ. ದಿನಾ ನಡೆದು ಕಾಲಿಗೆ ರೂಢಿಯಾದ ದಾರಿ. ಅವನು ಗಾಬರಿಯಲ್ಲಿ ಲಿಫ್ಟು ಹತ್ತಿ ಕೆಳಗಿಳಿದ. ಕೆಳಗೆ ತೆರೆಯುವುದು ಹಿಂದಿನ ಬಾಗಿಲು. ನಮ್ಮ ಚಿನ್ಮಯಿಗೂ ನಿನ್ನೆ ದಿಕ್ಕು ತಪ್ಪಿತ್ತು. ಲಿಫ್ಟಿಗೆ ಬೆನ್ನು ಮಾಡಿದರೆ ಕಿಬ್ಲಾ ಎಂದುಕೊಂಡು ಮಾಸ್ತರನ ಮುಖವನ್ನು ಅತ್ತ ತಿರುಗಿಸಿದ."

ಚಿನ್ಮಯಿಗೆ ಪಕ್ಕದ ಕುರ್ಚಿಯಲ್ಲಿ ಉಸಿರು ಜೋರಾದದ್ದು ಕೇಳಿಸಿತು.

"ಇನ್ನು ಕಾರಣ. ಇವರ ವ್ಯಾಪಾರದಲ್ಲಿ ಸರಕು ಮೊದಲು ಬ್ಯಾಂಕಿನದಾಗಬೇಕು, ಆಮೇಲೆ ಮಾರಬೇಕು. ಒಂದು ಗಳಿಗೆಯಾದರೂ ನಷ್ಟದ ಭಾರ ಬ್ಯಾಂಕು ಹೊರಬೇಕು. ತನ್ನದಲ್ಲದ್ದನ್ನು ಮಾರಿದರೆ ಆ ಲಾಭ ಹರಾಮು, ಧರ್ಮಕ್ಕೆ ನಿಷಿದ್ಧ, ದಾನಕ್ಕೆ ಕೊಟ್ಟುಬಿಡಬೇಕು. ಒಂದು ತಂಡ ಮಾತ್ರ ಮೊದಲು ಮಾರಿ ಆಮೇಲೆ ಕೊಳ್ಳುತ್ತಿತ್ತು. ಅದಕ್ಕೇ ಎಲ್ಲರಿಗಿಂತ ವೇಗ, ಅದಕ್ಕೇ ಬಹುಮಾನ. ಆ ಮಕ್ಕಳಿಗೆ ತಾವು ತಪ್ಪು ಮಾಡುತ್ತಿದ್ದೇವೆಂದೇ ಗೊತ್ತಿಲ್ಲ. ಮಾಸ್ತರನ ಪಾಠಕ್ಕೆ ಕತ್ತರಿ ಬಿದ್ದ ಮೇಲೆ ಸೇರಿದವರು ಅವರು. ತಮ್ಮ ನಾಯಕ ಹೇಳಿಕೊಟ್ಟದ್ದನ್ನೇ ಕಲಿತರು. ಸಮಾರಂಭದ ಮಧ್ಯಾಹ್ನ ಮಾಸ್ತರನಿಗೆ ಅದು ಗೊತ್ತಾಯಿತು." ಮಹಾಲಿಂಗಪ್ಪ ಪಕ್ಕಕ್ಕೆ ತಿರುಗಿ, ವಿಜಯಪುರದ ಮಾತಿಗೆ ಇಳಿದರು. "ಹೌದಲ್ಲೋ ಹಾರೂನ್?"

ಹಾರೂನ್ ಎದ್ದು ನಿಲ್ಲಲು ನೋಡಿದ, ಆಗಲಿಲ್ಲ.

"ಮಾಸ್ತರು ಮೆಟ್ಟಲ ಹತ್ರ ಕರದು ಕೇಳಿದ್ರು. ನಾಳೆ ಬ್ಯಾಂಕಿನ ವ್ಯವಹಾರ ಧರ್ಮದ ಪ್ರಕಾರ ಅದನೋ ಇಲ್ಲೋ ನೋಡೋ ಮೌಲಾನಾಗಳ ಮುಂದ ನೀನ ಹೇಳು, ಇಲ್ಲಾ ನಾ ಹೇಳ್ತೀನಿ ಅಂದ್ರು. ಕಾಲಿಗೆ ಬಿದ್ದೆ. ಒಳಗ ನನ್ನ ಹೆಸರು ಕರೀತಿದ್ರು, ಪ್ರಮೋಶನ್ ಆಗೋದಿತ್ತು... ಕೈ ಕೊಡವಿಕೊಂಡ್ರು. ಸಿಟ್ಟಿಗೆ ನೂಕಿದೆ. ಕೊಲ್ಲಬೇಕಂತ ಅಲ್ರಿ. ಅಲ್ಲಾನ ಆಣಿ, ಕೊಲ್ಲಬೇಕಂತ ಅಲ್ಲ."

ಶಾಹೀನ್ ಅವನತ್ತ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇರಬಾರದಿತ್ತೇ ಎಂದು ಚಿನ್ಮಯಿಗೆ ಅನ್ನಿಸಿತು.

"ನೀ ಕೆಳಗ ಹೋದಾಗ ಜೀವ ಇತ್ತೇನು?"

ಹಾರೂನ್ ಹೌದೆಂದು ತಲೆಯಾಡಿಸಿದ.

"ಸಾಯೋ ಹೊತ್ತಿಗೆ ಹೇಳೋ ಕಲಿಮಾ ಹೇಳಿಕೊಟ್ಟಿಯೇನು?"

"ಹೇಳಿಕೊಟ್ಟೆ ಭಾಭಿ. ನನ್ನ ಹಿಂದೇ ಹೇಳಿದ್ರು. ಪೂರಾ ಹೇಳಿದ್ರು." ಅದೊಂದು ಪುಣ್ಯ ತನ್ನ ಪಾಲಿಗಿದೆ ಎಂಬಂತೆ ಅವನು ಬೇಗ ಬೇಗ ಹೇಳಿದ.

"ಹಂಗಾದ್ರ ಮಾತಾಡ್ತಿದ್ರು."

ಅವನು ಮುಖ ತಿರುಗಿಸಿಕೊಂಡ.

"ನಿನ್ನ ಫೋನ್ ಎಲ್ಲಿತ್ತೋ?"

"ಕಿಸೆದಾಗ."

"ಆಂಬ್ಯುಲೆನ್ಸಿಗೆ ಮಾಡಲಿಲ್ಲ. ಕಣ್ಣು ಮುಚ್ಚಿ, ಚಷ್ಮಾ ಮಡಚಿ, ಮ್ಯಾಲ ಹೋಗಿ ಬ್ಯಾಡ್ಜ್ ಹಚ್ಚಿಸಿಕೊಂಡಿ. ದಿಕ್ಕು ತಪ್ಪಿದ್ದು ಗಾಬರಿಯಾಗಿ, ಇರಲಿ. ಇದು?"

ಹಾರೂನ್ ಹೇಳಿದ್ದನ್ನೆಲ್ಲ ಚಿನ್ಮಯಿ ಇಂಗ್ಲಿಷಿನಲ್ಲಿ ತಿಳಿಸಿದಳು. ಪೊಲೀಸ್ ಅಧಿಕಾರಿ ಅವನನ್ನು ಕರೆದುಕೊಂಡು ಹೋದಳು. ಮುಈನ್ ಗೋಡೆಯ ಕಡೆ ತಿರುಗಿ ಬಾಯಿಗೆ ಟೋಪಿ ಒತ್ತಿಕೊಂಡು ಅಳುತ್ತಿದ್ದ.

ಸಮೀರಾ ಗಂಟಲು ಸರಿಮಾಡಿಕೊಂಡು, ಬ್ಯಾಂಕಿನ ತಪ್ಪೇನೂ ಇಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು ಎಂದು ಶುರು ಮಾಡಿದರು. ಮಹಾಲಿಂಗಪ್ಪ ಅಲ್ಲಿಗೇ ತಡೆದರು.

"ಮೇಡಂ, ಜನರೇ ಬಂಡವಾಳ ಅಂತ ಗೋಡೆಗೆ ಬರೆಸಿದ್ದೀರಿ. ಆ ಬಂಡವಾಳ ಬೆಳೆಸುತ್ತಿದ್ದವನನ್ನು ಖರ್ಚಿನ ಬಾಬ್ತಿಗೆ ಹಾಕಿದಿರಿ. ಬೋನಸ್ಸಿನ ಆಸೆ ತೋರಿಸಿದಿರಿ, ಸರಿ. ಓಡುವವರಿಗೆ ದಾರಿ ಹೇಳಿಕೊಡುವವನು ಬೇಡವಾದ. ನೂಕಿದ ಕೈಗೆ ಕೋರ್ಟು ಶಿಕ್ಷೆ ಕೊಡುತ್ತೆ. ನಿಮ್ಮ ಪಾಲು ಎಷ್ಟು ಅಂತ ನೀವೇ ಅಳೆದುಕೊಳ್ಳಿ."

ಒಬ್ಬೊಬ್ಬರಾಗಿ ಎದ್ದು ಹೋದರು. ಕೋಣೆಯಲ್ಲಿ ಉಳಿದವರು ಮೂವರೇ.

ಶಾಹೀನ್ ಫೋನು ತೆಗೆದು ಮಗಳಿಗೆ ಮಾಡಿದಳು. ಆಚೆಯಿಂದ ಇಂಗ್ಲಿಷಿನಲ್ಲಿ ಎಳೆಯ ದನಿ ಏನೋ ಕೇಳಿತು.

"ಸನಾ, ಬೇಟಾ, ಕೇಳು. ನಿಮ್ಮ ಅಬ್ಬಾ ನಮ್ಮನ್ನ ಬಿಟ್ಟು ಹೋಗಲಿಲ್ಲ. ಅವ್ರು ಮನಿಗೆ ಬರೋರಿದ್ರು."

ಆಚೆ ಬಹಳ ಹೊತ್ತು ಬರೀ ಅಳು. ಶಾಹೀನ್ ಕಣ್ಣು ಮುಚ್ಚಿ ಅದನ್ನು ಕೇಳುತ್ತಿದ್ದಳು. ಅಳು ಕೊಂಚ ನಿಂತ ಮೇಲೆ ಹುಡುಗಿ ಇನ್ನೊಂದು ಪ್ರಶ್ನೆ ಕೇಳಿದಳು. ಸಣ್ಣ ಪ್ರಶ್ನೆ, ಚಿನ್ಮಯಿಗೂ ಸ್ಪಷ್ಟವಾಗಿ ಕೇಳಿಸಿತು: ಹಾಗಾದರೆ ಯಾರು?

ಶಾಹೀನ್ ಮಹಾಲಿಂಗಪ್ಪನವರ ಮುಖ ನೋಡಿದಳು. ಎಂಥೆಂಥ ಪ್ರಶ್ನೆಗೂ ಉತ್ತರ ಹುಡುಕಿಕೊಡುವ ಆ ಮನುಷ್ಯ ತಲೆ ತಗ್ಗಿಸಿದರು.

"ಮನಿಗೆ ಬಂದು ಹೇಳ್ತೀನವಾ," ಎಂದು ಶಾಹೀನ್ ಫೋನು ಕೆಳಗಿಟ್ಟಳು. ಮನೆಗೆ ಹೋಗಲು ಮಾತ್ರ ಬಹಳ ಹೊತ್ತು ಏಳಲಿಲ್ಲ.